ಮಡ್‌ಗಾರ್ಡ್ ಮೇಲಿನ ಸೀಟು

ಪ್ರಶ್ನೆ: ನಾವು ಬಸವೇಶ್ವರನಗರದವರು. ನಮ್ಮ ಯಜಮಾನರು ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ತಾವರೆಕೆರೆಯಿಂದಾಚೆ ಮಾವನವರ ಕಾಲದ ಮೂರು ಎಕರೆ ಇದೆ. ರಾಗಿ, ಅವರೆ, ಒಂದಿಷ್ಟು ಮಾವು. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ತಗೊಂಡರು. ಅದು ಬಂದ ಮೇಲೆ ಮಂಕಾಗಿದ್ದ ಮನುಷ್ಯ ಮತ್ತೆ ಎದ್ದು ಓಡಾಡುವ ಹಾಗಾದರು. ಆದರೆ ಕಾಮಾಕ್ಷಿಪಾಳ್ಯದ ವೆಲ್ಡಿಂಗ್ ಶಾಪಿಗೂ ಹೊಲಕ್ಕೂ ತಿರುಗಿಕೊಂಡು ಅದಕ್ಕೆ ಏನಾದರೊಂದು ಜೋಡಿಸುತ್ತಲೇ ಇರುತ್ತಾರೆ. ಸೀಟಿನ ಹಿಂದಿರುವ ಕಬ್ಬಿಣದ ಕಮಾನು ಮಾವಿನ ಕೊಂಬೆಗೆ ತಾಗುತ್ತದೆಂದು ಅದನ್ನು ಕತ್ತರಿಸಿ ಗಿಡ್ಡ ಮಾಡುತ್ತಾರಂತೆ. ಮುಂದುಗಡೆ ಬಕೆಟ್ ಕೂರಿಸುವ ಯೋಚನೆಯೂ ಇದೆ. ಮೊನ್ನೆ ಹಳೆಯ ನೀಲಗಿರಿ ಬುಡ ಕೀಳಲು ಮೇಲಿನ ಕೊಂಡಿಗೆ ಸರಪಳಿ ಹಾಕಿ ಎಳೆದಾಗ ಮುಂದಿನ ಚಕ್ರ ಒಂದು ಗೇಣು ಮೇಲೆದ್ದಿತು. ಅವರು ನಕ್ಕರು, ನನಗೆ ಕೈಕಾಲು ತಣ್ಣಗಾಯಿತು. ಈಗ ಏಳು ವರ್ಷದ ಮೊಮ್ಮಗನಿಗೆಂದು ಮಡ್‌ಗಾರ್ಡ್ ಮೇಲೆ ಪುಟ್ಟ ಸೀಟು ಮಾಡಿಸಿದ್ದಾರೆ, ಬೆಲ್ಟ್ ಸಮೇತ. ಮಗ ‘ಅದನ್ನ ಮಾರಿಬಿಡಿ’ ಅಂತಾನೆ. ಬೇಡ ಅಂದರೆ ಇವರ ಮುಖ ಬಾಡುತ್ತದೆ, ಸುಮ್ಮನಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ?

— ಹೆಸರು ಬೇಡ, ಬಸವೇಶ್ವರನಗರ

ಉತ್ತರ: ಅಮ್ಮಾ, ಟ್ರ್ಯಾಕ್ಟರ್ ಮಾರಿಸಬೇಡಿ. ಮೊಮ್ಮಗನ ಸೀಟನ್ನು ಮಾತ್ರ ಈ ಭಾನುವಾರದೊಳಗೆ ಬಿಚ್ಚಿಸಿ. ಉಳಿದದ್ದನ್ನು ಕೂತು ಮಾತಾಡಿ ಸರಿಮಾಡಬಹುದು, ಇದೊಂದನ್ನು ಮುಂದೂಡುವ ಹಾಗಿಲ್ಲ.

ಆ ಸೀಟು ಪ್ರೀತಿಯಿಂದ ಹುಟ್ಟಿದ್ದು, ನನಗೆ ಗೊತ್ತು. ಆದರೆ ಅದು ಇರುವ ಜಾಗ ನೋಡಿ. ಕೆಳಗೆ ತಿರುಗುತ್ತಿರುವ ದೊಡ್ಡ ಚಕ್ರ, ಉಳುವಾಗ ಅದರ ಬೆನ್ನಿಗೇ ಮಣ್ಣು ಪುಡಿಮಾಡುವ ರೋಟವೇಟರ್. ಬದು ಹತ್ತಿ ಇಳಿಯುವಾಗ ಮಗು ಜಾರಿದರೆ ಬೀಳುವುದು ಆ ಚಕ್ರದ ಮುಂದೆ, ಇಲ್ಲವೇ ರೋಟವೇಟರ್ ಬ್ಲೇಡಿನ ದಾರಿಗೆ. ಅಜ್ಜ ಬ್ರೇಕ್ ತುಳಿಯುವಷ್ಟು ಹೊತ್ತೂ ಸಿಗುವುದಿಲ್ಲ. ಬೆಲ್ಟ್ ಇದೆಯಲ್ಲ ಎಂದು ಅವರು ಹೇಳಬಹುದು. ಬೆಲ್ಟಿನಿಂದ ಅಪಾಯ ಇನ್ನೂ ಹೆಚ್ಚು. ಹಿಂದಿನ ಕಮಾನು ಕಾಪಾಡುವುದು ಚಾಲಕನ ಸೀಟಿನ ಸುತ್ತಲ ಅಷ್ಟು ಜಾಗವನ್ನು ಮಾತ್ರ. ಗಾಡಿ ಪಕ್ಕಕ್ಕೆ ಮಗುಚಿದರೆ ಮಡ್‌ಗಾರ್ಡಿಗೆ ಕಟ್ಟಿಹಾಕಿದ ಮಗು ಆ ರಕ್ಷಣೆಯ ಹೊರಗೆ, ನೆಲಕ್ಕೂ ಕಬ್ಬಿಣಕ್ಕೂ ನಡುವೆ ಸಿಕ್ಕುತ್ತದೆ. ಮಿನಿ ಟ್ರ್ಯಾಕ್ಟರ್ ಒಬ್ಬರೇ ಕೂರುವ ಯಂತ್ರ. ನಿಧಾನವಾಗಿ ಓಡಿಸುತ್ತೇನೆ, ಒಂದೇ ಸುತ್ತು ಎಂಬ ಮಾತಿಗೆ ಒಪ್ಪಬೇಡಿ.

ಎರಡನೆಯದು ಆ ಸರಪಳಿ. ನಿಮ್ಮ ಕೈಕಾಲು ತಣ್ಣಗಾದದ್ದು ಸರಿಯಾಗಿಯೇ ಇದೆ. ಎಂಜಿನ್ ಬಲ ಹಿಂದಿನ ಆಕ್ಸಲ್‌ಗೆ ಹೋಗಿ ಚಕ್ರ ತಿರುಗಿಸುತ್ತದೆ. ನೀಲಗಿರಿ ಬುಡ ಜಗ್ಗದೆ ಚಕ್ರ ನೆಲದಲ್ಲಿ ಕಚ್ಚಿಕೊಂಡು ನಿಂತರೆ, ಅದೇ ಬಲ ಆಕ್ಸಲ್ ಸುತ್ತ ಟ್ರ್ಯಾಕ್ಟರಿನ ಮೈಯನ್ನೇ ಮೇಲೆತ್ತುತ್ತದೆ. ಸರಪಳಿ ಆಕ್ಸಲ್‌ಗಿಂತ ಮೇಲಿನ ಟಾಪ್ ಲಿಂಕ್ ಕೊಂಡಿಗೆ ಬಿದ್ದಿದ್ದರೆ ಅದೂ ಹಿಂದಕ್ಕೇ ಎಳೆಯುತ್ತದೆ. ಹೀಗೆ ಎದ್ದ ಟ್ರ್ಯಾಕ್ಟರ್ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಪೂರ್ತಿ ಹಿಂದಕ್ಕೆ ಮಗುಚಬಲ್ಲದು. ಅದರ ಅರ್ಧ ಹೊತ್ತಿನಲ್ಲೇ ವಾಪಸ್ ಇಳಿಸಲಾಗದ ಹಂತ ದಾಟಿರುತ್ತದೆ. ಕ್ಲಚ್ ತುಳಿಯಬೇಕು ಎಂದು ಹೊಳೆಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಎಳೆಯುವ ಕೆಲಸಕ್ಕೆ ಕೆಳಗಿನ ಡ್ರಾಬಾರ್ ಇದೆ. ಅದು ಆಕ್ಸಲ್‌ಗಿಂತ ಕೆಳಗಿರುವುದು ಇದೇ ಕಾರಣಕ್ಕೆ.

ನೀಲಗಿರಿ ಬುಡವನ್ನಂತೂ ಈ ಗಾಡಿಯಿಂದ ಕೀಳುವುದೇ ಬೇಡ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಬೆಂಗಳೂರಿನ ಸುತ್ತ ತೋಪು ತೆಗೆಸಿ ರಾಗಿಗೆ ಮರಳುತ್ತಿರುವವರು ಅನೇಕರಿದ್ದಾರೆ. ಅವರೆಲ್ಲರಿಗೂ ನನ್ನ ಮಾತು ಒಂದೇ: ಗಂಟೆ ಲೆಕ್ಕದಲ್ಲಿ ಜೆಸಿಬಿ ಕರೆಸಿ, ಒಂದೇ ದಿನದಲ್ಲಿ ಎಲ್ಲ ಬುಡ ತೆಗೆಸಿಬಿಡಿ.

ಇನ್ನು ಆ ಕಮಾನು. ಗಾಡಿ ಮಗುಚಿದಾಗ ಸವಾರನ ಮೇಲೆ ಬೀಳದಂತೆ ತಡೆಯುವುದು ಅದೇ. ಅದರ ಉಕ್ಕು, ದಪ್ಪ, ಬೋಲ್ಟು ಎಲ್ಲವನ್ನೂ ಒಟ್ಟಾಗಿ ಪರೀಕ್ಷೆ ಮಾಡಿರುತ್ತಾರೆ. ಕತ್ತರಿಸಿ ಮತ್ತೆ ಬೆಸೆದರೆ ನೋಡಲು ಹಾಗೇ ಇರುತ್ತದೆ, ಬೆಸುಗೆಯ ಪಕ್ಕದ ಉಕ್ಕು ಮಾತ್ರ ಮೊದಲಿನ ಹಾಗಿರುವುದಿಲ್ಲ. ಲ್ಯಾಂಪ್ ಕೂರಿಸಲೆಂದು ಅದಕ್ಕೆ ಒಂದು ರಂಧ್ರ ಕೊರೆಯುವುದೂ ಬೇಡ, ಕ್ಲಾಂಪ್ ಹಾಕಲಿ. ಕೊಂಬೆ ಅಡ್ಡವಾದರೆ ಕೊಂಬೆ ಸವರಲಿ, ಕೊಯ್ಲಾದ ಮೇಲೆ ಸವರುವುದು ಮಾವಿಗೂ ಒಳ್ಳೆಯದೇ. ಕಮಾನು ಮಡಚುವಂಥದ್ದಾಗಿದ್ದರೆ ಮರದ ಕೆಳಗೆ ಹೋಗುವಾಗ ಮಡಚಿ, ಹೊರಗೆ ಬಂದ ತಕ್ಷಣ ಎತ್ತಿ ಪಿನ್ ಹಾಕಲಿ. ಎತ್ತಿದಾಗ ಸೀಟ್ ಬೆಲ್ಟ್ ಕಟ್ಟಬೇಕು, ಮಡಚಿದಾಗ ಕಟ್ಟಬಾರದು.

ನೀವು ಬರೆಯದ ಒಂದನ್ನು ನಾನೇ ಕೇಳುತ್ತೇನೆ. ಟ್ರ್ಯಾಕ್ಟರಿನಿಂದ ರೋಟವೇಟರಿಗೆ ಹೋಗುವ ಪಿಟಿಒ ಶಾಫ್ಟ್ ಮೇಲೆ ಪ್ಲಾಸ್ಟಿಕ್ ಕವರ್ ಇದೆಯೇ? ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಅದು ಒಡೆದಿರುತ್ತದೆ, ಸದ್ದು ಮಾಡುತ್ತದೆಂದು ಕಿತ್ತೂ ಬಿಸಾಡಿರುತ್ತಾರೆ. ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ನಿಮ್ಮ ಸೆರಗಿನ ತುದಿಯೋ ಅವರ ಹೆಗಲ ಟವೆಲ್ಲೋ ಒಮ್ಮೆ ಸಿಕ್ಕಿತೆಂದರೆ ಬಿಡಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಬಕೆಟ್ಟಿಗೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಶಾಫ್ಟಿನ ಅಳತೆಗೆ ಹೊಂದುವ ಹೊಸ ಕವರ್ ತರಿಸಿ. ಎಂಜಿನ್ ನಿಲ್ಲಿಸಿ, ಬೀಗದ ಕೈ ಜೇಬಿಗೆ ಹಾಕಿಕೊಂಡ ಮೇಲೆಯೇ ಯಾರೇ ಆಗಲಿ ಆ ಕಡೆ ಬಗ್ಗಬೇಕು.

ಬಕೆಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಮನೆಯಲ್ಲಿ ಮಾಡಿದ್ದು ಬೇಡ. ಮುಂದಿನ ಆಕ್ಸಲ್ ಅಷ್ಟು ಭಾರಕ್ಕೆ ಮಾಡಿದ್ದಲ್ಲ, ಮಣ್ಣು ತುಂಬಿದ ಬಕೆಟ್ ಎತ್ತರಕ್ಕೆ ಹೋದಷ್ಟೂ ಇಳಿಜಾರಿನಲ್ಲಿ ಗಾಡಿ ಪಕ್ಕಕ್ಕೆ ವಾಲುತ್ತದೆ.

ಹಾಗಾದರೆ ಅವರ ಕೈಗೆ ಕೆಲಸವೇ ಇಲ್ಲವೇ? ಬೇಕಾದಷ್ಟಿದೆ. ಈ ಪತ್ರಕ್ಕೆ ಇಷ್ಟು ದೀರ್ಘವಾಗಿ ಬರೆಯುತ್ತಿರುವುದೂ ಅದಕ್ಕೇ. ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರು ನಿಮ್ಮ ಯಜಮಾನರು ಕೇಳಿರಬಹುದು. 2022ರಲ್ಲಿ ಪದ್ಮಶ್ರೀ ಬಂತು. ಹುಣಸೆ ಬೀಜ ಬೇರ್ಪಡಿಸುವ ಯಂತ್ರ, ಬೀಜದ ಜೊತೆಗೇ ಗೊಬ್ಬರ ಬೀಳಿಸುವ ಕೂರಿಗೆ, ಕಬ್ಬು ನಾಟಿಯ ಯಂತ್ರ ಹೀಗೆ ಅವರು ಮಾಡಿದ್ದರ ಉದ್ದ ಪಟ್ಟಿಯೇ ಇದೆ. ಅವರ ಬುದ್ಧಿಯೆಲ್ಲ ಹರಿದದ್ದು ಸಲಕರಣೆಯ ಕಡೆಗೆ, ನಮ್ಮ ಮಣ್ಣಿಗೆ, ನಮ್ಮ ಬೆಳೆಗೆ ಅದನ್ನು ಹೊಂದಿಸುವ ಕಡೆಗೆ. ನಿಮ್ಮ ಯಜಮಾನರಿಗೂ ನಾನು ಎಳೆಯುವ ಗೆರೆ ಇದೇ. ಪಿನ್ ತೆಗೆದರೆ ಟ್ರ್ಯಾಕ್ಟರಿನಿಂದ ಬೇರೆಯಾಗುವಂಥದ್ದು ಅವರ ಸಾಮ್ರಾಜ್ಯ. ಟ್ರ್ಯಾಕ್ಟರಿನ ಚಾಸಿ, ಕಮಾನು, ಬ್ರೇಕು, ಸ್ಟೀರಿಂಗು, ಹೈಡ್ರಾಲಿಕ್ಸ್ ಇವುಗಳಿಗೆ ಕೈ ಹಚ್ಚುವುದು ಬೇಡ.

ಆ ಸಾಮ್ರಾಜ್ಯ ಸಣ್ಣದಲ್ಲ. ರಾಗಿಗೆ ಸಾಲಿಂದ ಸಾಲಿಗೆ 30 ಸೆಂಟಿಮೀಟರ್ ಬರುವಂತೆ ಹಳೆಯ ಕಲ್ಟಿವೇಟರ್ ಫ್ರೇಮಿಗೆ ಕೂರಿಗೆ ತಾಳು ಜೋಡಿಸಲಿ. ಸಾಲು ನೇರವಾದರೆ ಕಳೆಗೆ ಕುಂಟೆ ಹೊಡೆಯುವುದು ಸುಲಭ, ನಿಮಗೂ ಬಗ್ಗಿ ಕಳೆ ಕೀಳುವ ಕಷ್ಟ ಕಡಿಮೆಯಾಗುತ್ತದೆ. ರೋಟವೇಟರ್ ಬಿಚ್ಚಿಟ್ಟಾಗ ಉರುಳದಂತೆ ಗಾಲಿಯ ಸ್ಟ್ಯಾಂಡ್ ಒಂದು ಮಾಡಲಿ. ಮತ್ತೆ ಜೋಡಿಸಲು ಇಬ್ಬರು ತಳ್ಳಾಡುವುದು ತಪ್ಪುತ್ತದೆ, ಬೆರಳು ಜಜ್ಜುವುದು ಹೆಚ್ಚಾಗಿ ಅಲ್ಲೇ. ಗೊಬ್ಬರದ ಚೀಲ, ಮಾವಿನ ಕ್ರೇಟು ಹೊರಲು ಹಿಂದಿನ ಮೂರು ಕೊಂಡಿಗೆ ಕೂರುವ ತಟ್ಟೆ ಮಾಡಿದರೆ ಬಕೆಟ್ಟಿನ ಅರ್ಧ ಆಸೆ ಅಲ್ಲೇ ತೀರುತ್ತದೆ. ಆದರೆ ಎಷ್ಟು ಎತ್ತಬಹುದೆಂದು ಪುಸ್ತಕ ನೋಡಿಕೊಳ್ಳಲಿ. 24 ಎಚ್‌ಪಿಯ ಮಹೀಂದ್ರ ಜಿವೋ 245ರಂಥ ಗಾಡಿಯಲ್ಲಿ ಅದು 750 ಕೆಜಿ, ಅದೂ ಕೊಂಡಿಯ ತುದಿಯ ಲೆಕ್ಕ. ಭಾರ ಹಿಂದಕ್ಕೆ ಸರಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ, ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಮಾತು ಕೇಳದಾಗುತ್ತದೆ.

ಅದನ್ನು ಊಹಿಸಬೇಕಿಲ್ಲ, ಅಳೆಯಬಹುದು. ಭಾರ ಎತ್ತಿಟ್ಟುಕೊಂಡು ಹತ್ತಿರದ ವೇಬ್ರಿಡ್ಜಿಗೆ ಹೋಗಿ ಮೊದಲು ಮುಂದಿನ ಚಕ್ರ ಮಾತ್ರ ನಿಲ್ಲಿಸಿ ತೂಕ ನೋಡಲಿ, ಆಮೇಲೆ ಇಡೀ ಗಾಡಿ. ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದೆ ಇರಬೇಕು. ಇಲ್ಲದಿದ್ದರೆ ಕಂಪನಿ ಕೊಡುವ ಮುಂದುಗಡೆಯ ತೂಕದ ಬಿಲ್ಲೆ ಹಾಕಿಸಲಿ. ಟೂಲ್‌ರೂಮಿನವರಿಗೆ ಈ ಕೆಲಸ ಇಷ್ಟವಾಗುತ್ತದೆ.

ಲೈಟಿನ ಕೆಲಸ ಮಗನಿಗೂ ಹಂಚಬಹುದು. 12 ವೋಲ್ಟಿನಲ್ಲಿ 55 ವ್ಯಾಟಿನ ಒಂದು ಬಲ್ಬೇ ನಾಲ್ಕೂವರೆ ಆಂಪಿಯರ್‌ಗೂ ಮೇಲೆ ಎಳೆಯುತ್ತದೆ. ಹಾಗಾಗಿ ಎಲ್‌ಇಡಿ ಒಳ್ಳೆಯದು. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ, ಸ್ವಿಚ್ಚಿನ ಬದಲು ರಿಲೇ ಮೂಲಕ ಕರೆಂಟು ಹೋಗಲಿ. ಹಿಂದುಗಡೆ ಕೆಂಪು ದೀಪ, ಟ್ರೇಲರ್ ಇದ್ದರೆ ಅದರ ಅಂಚಿಗೆಲ್ಲ ಹೊಳೆಯುವ ಟೇಪು ಹಾಕಿಸಿ. ಸಂಜೆಗತ್ತಲಲ್ಲಿ ಮಾಗಡಿ ರಸ್ತೆಯಲ್ಲಿ ವೇಗವಾಗಿ ಬರುವ ಕಾರಿನವರಿಗೆ ನಿಧಾನವಾಗಿ ಹೋಗುವ ಟ್ರ್ಯಾಕ್ಟರ್ ಕಾಣುವುದು ತಡವಾಗಿ. ವೆಲ್ಡಿಂಗಿಗೆ ಟ್ರ್ಯಾಕ್ಟರನ್ನೇ ಕಾಮಾಕ್ಷಿಪಾಳ್ಯಕ್ಕೆ ಓಡಿಸಿಕೊಂಡು ಬರುತ್ತಿದ್ದರೆ ನಿಲ್ಲಿಸಿ, ಸಲಕರಣೆಯನ್ನು ಗೂಡ್ಸ್ ಆಟೋದಲ್ಲಿ ತರಲಿ. ಸಲಕರಣೆ ಟ್ರ್ಯಾಕ್ಟರಿಗೆ ಜೋಡಿಸಿರುವಾಗ ವೆಲ್ಡ್ ಮಾಡುವುದೂ ಬೇಡ, ಬೇರಿಂಗಿನೊಳಗೆ ಕರೆಂಟು ಹರಿದು ಹಾಳಾಗುತ್ತದೆ, ಆಲ್ಟರ್ನೇಟರೂ ಸುಡಬಹುದು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯ ನಂತರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೂ ಇದನ್ನೇ.

ಆದರೆ ನಿಮ್ಮ ಯಜಮಾನರ ಹತ್ತಿರ ಕಾನೂನಿನಿಂದ ಮಾತು ಶುರು ಮಾಡಬೇಡಿ. ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ’ ಎಂದಂತೂ ಅನ್ನಲೇಬೇಡಿ. ನಲವತ್ತು ವರ್ಷ ಕೈ ನಂಬಿ ಬದುಕಿದವರಿಗೆ ಆ ಮಾತು ತುಂಬ ನೋಯುತ್ತದೆ. ಊಟವಾದ ಮೇಲೆ ಹೀಗೆ ಕೇಳಿ: ‘ನಿಮ್ಮ ಟೂಲ್‌ರೂಮಿನಲ್ಲಿ ಡ್ರಾಯಿಂಗ್ ಇಲ್ಲದೆ ಒಂದು ಜಿಗ್ ಮಾಡುತ್ತಿದ್ದಿರಾ? ಇನ್‌ಸ್ಪೆಕ್ಷನ್‌ನವರ ಸಹಿ ಇಲ್ಲದೆ ಒಂದು ಜಾಬ್ ಆಚೆ ಹೋಗುತ್ತಿತ್ತಾ?’ ಉತ್ತರ ಅವರಿಗೇ ಗೊತ್ತು. ಇನ್ನು ಮುಂದೆ ಪ್ರತಿ ಕೆಲಸಕ್ಕೂ ಕಾಗದದ ಮೇಲೆ ಡ್ರಾಯಿಂಗ್, ಅಳತೆ, ಭಾರದ ಲೆಕ್ಕ ಬರೆಯಲಿ. ಅದನ್ನು ಡೀಲರರ ಸರ್ವಿಸ್ ಎಂಜಿನಿಯರಿಗೋ, ನವೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳಕ್ಕೆ ಹೋಗಿ ಅಲ್ಲಿನ ಕೃಷಿ ಎಂಜಿನಿಯರಿಂಗ್ ವಿಭಾಗದವರಿಗೋ ತೋರಿಸಲಿ. ಅವರ ಹತ್ತಿರ ಸರಿಸಮವಾಗಿ ಚರ್ಚಿಸುವಷ್ಟು ಕಸುಬು ನಿಮ್ಮ ಯಜಮಾನರಿಗಿದೆ.

ಮೊಮ್ಮಗನ ವಿಷಯ ಉಳಿಯಿತು. ಸೀಟು ಹೋದರೆ ಅವನು ಅಳುತ್ತಾನೆ, ಅಜ್ಜನಿಗೂ ಬೇಸರವಾಗುತ್ತದೆ. ಅದಕ್ಕೆ ಸೀಟು ಬಿಚ್ಚುವ ಕೆಲಸವನ್ನೇ ಇಬ್ಬರಿಗೂ ಕೊಡಿ. ಎಂಜಿನ್ ಆಫ್, ಬೀಗದ ಕೈ ನಿಮ್ಮ ಸೆರಗಿನ ಗಂಟಿನಲ್ಲಿ. ಬೆಲ್ಟಿನ ಬೋಲ್ಟುಗಳನ್ನು ಸ್ಪ್ಯಾನರ್ ಹಿಡಿಸಿ ಹುಡುಗನ ಕೈಯಿಂದಲೇ ಬಿಚ್ಚಿಸಲಿ. ಆಮೇಲೆ ಹುಡುಗನನ್ನು ದೂರ ಕಳಿಸಿ, ಬ್ಯಾಟರಿ ತಂತಿ ಕಳಚಿ, ಸೀಟಿನ ಬೆಸುಗೆಯನ್ನು ಹ್ಯಾಕ್‌ಸಾದಿಂದ ಅಜ್ಜನೇ ಕೊಯ್ಯಲಿ. ಡೀಸೆಲ್ ಟ್ಯಾಂಕ್ ಪಕ್ಕದಲ್ಲಿದ್ದರೆ ಗ್ರೈಂಡರ್ ಕಿಡಿ ಬೇಡ. ಕೂರಿಗೆಯ ಡ್ರಾಯಿಂಗ್ ಮೇಲೆ ಸ್ಕೇಲು ಹಿಡಿದು 30 ಸೆಂಟಿಮೀಟರ್ ಗುರುತು ಹಾಕುವುದಕ್ಕೂ ಏಳು ವರ್ಷದ ಕೈ ಸಾಕು.