ನೀರಿನ ದಾರಿ

ಕೊಪ್ಪಳ ಜಿಲ್ಲೆಯಲ್ಲಿ ಗಂಗಾವತಿಗಾದರೂ ತುಂಗಭದ್ರೆಯ ಎಡದಂಡೆ ಕಾಲುವೆಯಿದೆ. ಕುಷ್ಟಗಿ, ಯಲಬುರ್ಗಾದ ಹೊಲಗಳಿಗೆ ಬಹುಮಟ್ಟಿಗೆ ಮಳೆಯೇ ಗತಿ. ಆ ಮಳೆ ಒಮ್ಮೆಲೇ ಸುರಿದರೆ, ಮುಚ್ಚಿಹೋದ ಹಳ್ಳದಲ್ಲಿ ದಾರಿ ಕಾಣದೆ ಓಣಿಗೆ ನುಗ್ಗುತ್ತದೆ.

2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರು ಹಿರೇಹಳ್ಳದ ಹೂಳು, ಕಸ ತೆಗೆದರು. ಅದೇ ವರ್ಷ ಕುಷ್ಟಗಿ ಬಳಿಯ ನಿಡಶೇಸಿ ಕೆರೆಯ ಹೂಳನ್ನೂ ಜನರೇ ಮುಂದೆ ನಿಂತು ತೆಗೆಸಿದರು. ಒಳಿತನ್ನು ಯಾರೇ ಆರಂಭಿಸಲಿ, ಕೈಜೋಡಿಸುವುದು ಮುಸ್ಲಿಮನ ಕರ್ತವ್ಯ.

ದಾರಿಯ ತೊಡಕು ನೀಗಿಸುವುದು ಈಮಾನಿನ ಒಂದು ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನೀರಿನ ದಾರಿಗೆ ಇದು ಅನ್ವಯಿಸದೇ? ನಾವು ಚರಂಡಿಗೆಸೆದ ಪ್ಲಾಸ್ಟಿಕ್ ಚೀಲ ತಗ್ಗಿನಲ್ಲಿರುವ ನೆರೆಯವನ ಮನೆಗೆ ನೀರು ನುಗ್ಗಿಸುತ್ತದೆ. ಮಸೀದಿಯ ಅಂಗಳಕ್ಕೆಲ್ಲ ಸಿಮೆಂಟು ಬಳಿಯುವ ಹುಮ್ಮಸ್ಸೂ ನನಗೆ ಹಿಡಿಸದು. ಒಂದಿಷ್ಟು ಮಣ್ಣು ಬಿಟ್ಟು ಬೇವು ನೆಡಿರಿ. ಮಾಳಿಗೆಯ ನೀರನ್ನೂ ವುಝೂವಿನ ನೀರನ್ನೂ ಇಂಗುಗುಂಡಿಗೆ ತಿರುಗಿಸಿರಿ.