“ಇದು ನಮ್ಮ ಕೆಂಪಲ್ಲ ತಮ್ಮಾ”: ಫೋಟೊ ಪ್ರಿಂಟಿನ ಬಣ್ಣ ತಿದ್ದುವ ಪಾಠ

ಕಳೆದ ಸೆಮಿಸ್ಟರ್‌ನಲ್ಲಿ ಕಾಲೇಜಿನ ಫೋಟೊ ಪ್ರದರ್ಶನಕ್ಕಾಗಿ ನಾವು ನಾಲ್ಕು ಮಂದಿ ನವಲಗುಂದಕ್ಕೆ ಹೋಗಿದ್ದೆವು. ಅಲ್ಲಿನ ಜಮಖಾನೆಗೆ 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ಹತ್ತಿ ನೂಲಿನಲ್ಲಿ ನವಿಲು, ಪಗಡೆ ಹಾಸು ಮೂಡಿಸುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ.

ಹದಿನೈದು ದಿನ ಬಿಟ್ಟು ಪ್ರಿಂಟ್ ತಗೊಂಡು ಮತ್ತೆ ಹೋದೆ. ನೇಯುವ ಅಮ್ಮ ಅದನ್ನು ಮಗ್ಗದ ಪಕ್ಕ ಹಿಡಿದು ನೋಡಿದರು. “ಚಂದ ಬಂದೈತಿ. ಆದ್ರ ಇದು ನಮ್ಮ ಕೆಂಪಲ್ಲ ತಮ್ಮಾ. ಬಿಳಿ ನೂಲೂ ಗುಲಾಬಿ ಆಗೇತಿ. ಇದನ್ನ ನೋಡಿ ಯಾರರ ಆರ್ಡರ್ ಕೊಟ್ರ, ನಾಳೆ ಮಾಲು ಬ್ಯಾರೆ ಬಣ್ಣ ಐತಿ ಅಂತ ವಾಪಸ್ ಕಳಸ್ತಾರ” ಅಂದರು.

ನಮಗೆ ಅದು ಫೋಟೊ, ಅವರಿಗೆ ವಾರಗಟ್ಟಲೆ ದುಡಿಮೆ. ತಪ್ಪು ಹುಡುಕಲೇಬೇಕಾಯಿತು.

ಕಳ್ಳ ಎಲ್ಲಿದ್ದಾನೆ?

ಅಮ್ಮನ ಮಾತಿನಲ್ಲೇ ಸುಳಿವಿತ್ತು: ಬಿಳಿಯೂ ಗುಲಾಬಿ. ಕೆಂಪು ಮಾತ್ರ ಕೆಟ್ಟಿದ್ದರೆ ಬೇರೆ ಮಾತು. ಬಿಳಿ, ಬೂದು, ಕಪ್ಪು ಎಲ್ಲದರ ಮೇಲೂ ಒಂದೇ ಬಣ್ಣದ ತೆಳು ಪರದೆ ಬಿದ್ದರೆ ಅದು ಕಲರ್ ಕಾಸ್ಟ್.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಸ್ಲೈಡರ್ ಎಳೆದು ಮಜೆಂಟಾ ಕಡಿಮೆ ಮಾಡಿದೆ. ಬಿಳಿ ನೂಲು ಸರಿಯಾಯಿತು, ನೆರಳಿನ ಭಾಗ ಹಸಿರಾಯಿತು! ಬೆಳಕಿನಲ್ಲಿ ಇರುವಷ್ಟೇ ಕಾಸ್ಟ್ ನೆರಳಿನಲ್ಲಿ ಇರಲ್ಲ. ಒಂದೇ ಸಂಖ್ಯೆ ಕಳೆದರೆ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೂತಾಗುತ್ತದೆ. ಹಾಗಾಗಿ ಮೊದಲು ಈ ಮೂರು ಪರೀಕ್ಷೆ ಮಾಡಿ:

1. ಫೈಲ್ ಸರಿ ಇದೆಯೇ? ಫೋಟೊ ತೆಗೆಯುವಾಗ ಜಮಖಾನೆ ಪಕ್ಕ ಒಂದು ಗ್ರೇ ಕಾರ್ಡ್ ಇಟ್ಟಿದ್ದೆವು. ಫೈಲಿನಲ್ಲಿ ಅದರ ಕೆಂಪು, ಹಸಿರು, ನೀಲಿ ಮೌಲ್ಯಗಳು ಹೆಚ್ಚುಕಡಿಮೆ ಸಮ ಬಂದರೆ ಫೈಲ್ ನಿರಪರಾಧಿ. ಮಾನಿಟರ್ ಹೇಳಿದ್ದನ್ನು ನಂಬಬೇಡಿ, ಅಂಕಿ ನೋಡಿ.

2. ಪ್ರಿಂಟರ್ ಆರೋಗ್ಯವಾಗಿದೆಯೇ? ನಾಝಲ್ ಚೆಕ್ ತೆಗೆಯಿರಿ. ಒಂದು ಬಣ್ಣದ ಗೆರೆ ತುಂಡಾಗಿದ್ದರೆ ಯಾವ ಪ್ರೊಫೈಲೂ ಕಾಪಾಡಲ್ಲ.

3. ಎರಡು ಸಲ ತಿದ್ದುಪಡಿ ಆಗುತ್ತಿದೆಯೇ? ಫೋಟೊ ಸಾಫ್ಟ್‌ವೇರ್ ಬಣ್ಣ ಬದಲಿಸಿ ಕೊಡುತ್ತದೆ, ಅದು ಗೊತ್ತಿಲ್ಲದ ಪ್ರಿಂಟರ್ ಡ್ರೈವರ್ ಮತ್ತೊಮ್ಮೆ ಬದಲಿಸುತ್ತದೆ. ಇಬ್ಬರು ಉಪ್ಪು ಹಾಕಿದ ಸಾರಿನ ಕಥೆ! ಚಿತ್ರ ಪೂರ್ತಿ ಗುಲಾಬಿಗೆ ತಿರುಗುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ಸಾಫ್ಟ್‌ವೇರ್‌ಗೆ ಜವಾಬ್ದಾರಿ ಕೊಟ್ಟರೆ ಡ್ರೈವರ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆಫ್ ಇರಬೇಕು.

ಮೂರನೆಯದನ್ನು ಸರಿಮಾಡಿದಾಗ ನಮ್ಮ ಅರ್ಧ ಗುಲಾಬಿ ಹೋಯಿತು. ಉಳಿದರ್ಧಕ್ಕೆ ಕಾರಣ ಬೇರೆ: ದುಡ್ಡು ಉಳಿಸಲು ರೀಫಿಲ್ ಇಂಕ್ ತುಂಬಿದ್ದೆವು, ಆದರೆ ಬಳಸಿದ್ದು ಕಂಪನಿ ತನ್ನ ಇಂಕು, ತನ್ನ ಕಾಗದಕ್ಕೆ ಮಾಡಿಟ್ಟ ಪ್ರೊಫೈಲ್.

ಪ್ರೊಫೈಲ್ ಅಂದ್ರೆ ಏನು?

ಪ್ರಿಂಟರ್ ಒಂದು ಫಂಕ್ಷನ್ ಅಂದುಕೊಳ್ಳಿ. ಒಳಗೆ ಆರ್‌ಜಿಬಿ ಸಂಖ್ಯೆ ಹಾಕಿದರೆ ಹೊರಗೆ ಕಾಗದದ ಮೇಲೆ ಬಣ್ಣ. ಆ ಬಣ್ಣವನ್ನು ಅಳೆದು ಎಲ್, ಎ, ಬಿ ಎಂಬ ಮೂರು ಸಂಖ್ಯೆಗಳಲ್ಲಿ ಹೇಳಬಹುದು. ಎಲ್ ಅಂದರೆ ಬೆಳಕು-ಕತ್ತಲೆ. ಎ ಅಂದರೆ ಕೆಂಪು-ಹಸಿರು. ಬಿ ಅಂದರೆ ಹಳದಿ-ನೀಲಿ. ಅಪ್ಪಟ ಬೂದಿಗೆ ಎ, ಬಿ ಎರಡೂ ಸೊನ್ನೆ. ಪ್ರೊಫೈಲ್‌ನಲ್ಲಿ ಈ ಫಂಕ್ಷನ್ನಿನ ಟೇಬಲ್ ಇರುತ್ತದೆ, ಅದರ ಇನ್ವರ್ಸ್ ಕೂಡ. ಪ್ರಿಂಟ್ ಮಾಡುವಾಗ ಬೇಕಾಗುವುದು ಇನ್ವರ್ಸ್: “ಈ ಬಣ್ಣ ಬೇಕು, ಯಾವ ಸಂಖ್ಯೆ ಕಳಿಸಲಿ?”

8 ಬಿಟ್ ಲೆಕ್ಕದಲ್ಲಿ 256ರ ಘನ, ಅಂದರೆ 1,67,77,216 ಬಣ್ಣ. ಅಷ್ಟನ್ನೂ ಅಳೆಯೋಕೆ ಆಗುತ್ತಾ? ಕೆಲವು ನೂರು ಚೌಕ ಅಳೆದು, ನಡುವಿನದನ್ನು ಇಂಟರ್‌ಪೊಲೇಶನ್ ಮಾಡುತ್ತಾರೆ. ಮೂರನೇ ಸೆಮಿಸ್ಟರ್ ಗಣಿತ ಕೊನೆಗೂ ಉಪಯೋಗಕ್ಕೆ ಬಂತು!

ಇಂಕು, ಕಾಗದ, ಡ್ರೈವರ್ ಸೆಟ್ಟಿಂಗ್ ಇವುಗಳಲ್ಲಿ ಒಂದು ಬದಲಾದರೂ ಫಂಕ್ಷನ್ ಬದಲು. ಕುಂದಗೋಳದ ಸವಾಯಿ ಗಂಧರ್ವರ ಊರಿನ ಪಕ್ಕದವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿನ್ನೆ ಬೇರೆ ಗಾಯಕರಿಗೆ ಶ್ರುತಿ ಮಾಡಿದ ತಂಬೂರಿಯನ್ನು ಇವತ್ತು ಹಾಗೇ ಮೀಟಿ ಹಾಡಲಾಗುತ್ತದೆಯೇ?

ನಾವು ಮಾಡಿದ ಕ್ರಮ

ಆರ್ಗಿಲ್ ಸಿಎಂಎಸ್ ಎಂಬ ಉಚಿತ, ಓಪನ್ ಸೋರ್ಸ್ ಸಾಫ್ಟ್‌ವೇರ್ ಬಳಸಿದೆವು. ಬಣ್ಣ ಅಳೆಯುವ ಸ್ಪೆಕ್ಟ್ರೋಫೋಟೋಮೀಟರನ್ನು ಹುಬ್ಬಳ್ಳಿಯ ಪರಿಚಯದ ಪ್ರೆಸ್ಸಿನವರು ಒಂದು ದಿನದ ಮಟ್ಟಿಗೆ ಕೊಟ್ಟರು.

ಮೊದಲು ಚೌಕಗಳ ಚಾರ್ಟ್ ತಯಾರಿಸಿ. ಬೂದು ಚೌಕಗಳನ್ನು ಧಾರಾಳವಾಗಿ ಸೇರಿಸಿ, ಕಾಸ್ಟ್ ಸಿಕ್ಕಿಬೀಳುವುದು ಅಲ್ಲೇ. ಚಾರ್ಟನ್ನು ಎಲ್ಲ ಕಲರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿ ಪ್ರಿಂಟ್ ತೆಗೆಯಿರಿ. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಆಗ ಆರಿಸಿದ ಕಾಗದದ ವಿಧ, ಗುಣಮಟ್ಟದ ಸೆಟ್ಟಿಂಗ್ ಬರೆದಿಟ್ಟುಕೊಳ್ಳಿ. ಕೊನೆಯ ಪ್ರಿಂಟಿಗೂ ಅವೇ ಇರಬೇಕು. ಇಂಕು ಒಣಗುತ್ತ ಬಣ್ಣ ಬದಲಾಗುವುದರಿಂದ ಒಂದು ದಿನ ಬಿಡಿ. ಆಮೇಲೆ ಅಳೆದು ಪ್ರೊಫೈಲ್ ಕಟ್ಟಿ.

ಹಳೆಯ ಪ್ರೊಫೈಲಿನಲ್ಲಿ ತೆಗೆದ ನಡುಬೂದು ಚೌಕದ ಎ 6, ಬಿ -3 ಬಂದಿತ್ತು: ಕೆಂಪಿಗೂ ನೀಲಿಗೂ ವಾಲಿ ಗುಲಾಬಿ. ದೂರ ಲೆಕ್ಕಹಾಕಿ: 36 + 9ರ ವರ್ಗಮೂಲ, ಸುಮಾರು 6.7. ಹೊಸ ಪ್ರೊಫೈಲಿನಲ್ಲಿ ಎ 1, ಬಿ -1, ದೂರ 1.4. ಅಕ್ಕಪಕ್ಕ ಇಟ್ಟರೂ ಕಣ್ಣಿಗೆ ವ್ಯತ್ಯಾಸ ಹಿಡಿಯುವುದು ಕಷ್ಟ.

ಪ್ರೊಫೈಲಿಗೂ ಆಗದ ಕೆಲಸ

ಫೈಲಿನ ಕೆಂಪು ಕಾಗದದ ಮಿತಿಗಿಂತ ಗಾಢವಾಗಿದ್ದರೆ ಅದು ಪ್ರಿಂಟಿನಲ್ಲಿ ಬರುವುದಿಲ್ಲ, ಹತ್ತಿರದ ಬಣ್ಣಕ್ಕೆ ಇಳಿಯುತ್ತದೆ. ನಮ್ಮ ಮ್ಯಾಟ್ ಕಾಗದದಲ್ಲಿ ಹೀಗೇ ಆಗಿ, ಗ್ಲಾಸಿ ಕಾಗದಕ್ಕೆ ಬೇರೆ ಪ್ರೊಫೈಲ್ ಕಟ್ಟಬೇಕಾಯಿತು. ಇನ್ನೊಂದು ಮಿತಿ ಬೆಳಕು. ಪ್ರೊಫೈಲಿನ ಲೆಕ್ಕವೆಲ್ಲ ಸುಮಾರು 5000 ಕೆಲ್ವಿನ್‌ನ ಹಗಲು ಬೆಳಕಿಗೆ. ನೂಲಿನ ಬಣ್ಣವೂ ಪ್ರಿಂಟಿನ ಇಂಕೂ ಬೇರೆ ರಾಸಾಯನಿಕ. ಬಿಸಿಲಿನಲ್ಲಿ ಒಂದೇ ಥರ ಕಂಡ ಎರಡು ಕೆಂಪು ಟ್ಯೂಬ್‌ಲೈಟ್ ಕೆಳಗೆ ಬೇರೆ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಅಂತಾರೆ.

ಹೊಸ ಪ್ರಿಂಟ್ ತಗೊಂಡು ಮೂರನೇ ಸಲ ನವಲಗುಂದಕ್ಕೆ ಹೋದಾಗ ಇದು ಕಣ್ಣಾರೆ ಕಂಡಿತು. ಒಳಗೆ ದೀಪದ ಕೆಳಗೆ ಹಿಡಿದಾಗ ಅಮ್ಮ ಏನೂ ಅನ್ನಲಿಲ್ಲ, ನನಗೆ ಎದೆ ಧಸಕ್ ಅಂತು. “ಅಮ್ಮಾರ, ಒಂದ್ಸಲ ಹೊರಗ ಬರ್ರಿ” ಅಂದೆ. ಅಂಗಳದ ಬಿಸಿಲಿನಲ್ಲಿ ಜಮಖಾನೆಯ ಮೇಲೆ ಫೋಟೊ ಇಟ್ಟು, ಬಿಳಿ ನೂಲಿನ ಮೇಲೆ ಬೆರಳಾಡಿಸಿ, ಆಮೇಲೆ ಕೆಂಪು ನೋಡಿದರು.

“ಹೂಂ, ಈಗ ನಮ್ಮದು. ಇನ್ನೊಂದು ಕಾಪಿ ಇದ್ರ ಕೊಡು, ಗಿರಾಕಿಗೆ ತೋರಸ್ತೀನಿ.”

ಪ್ರದರ್ಶನದ ದಿನ ಆ ಫೋಟೊಗಳನ್ನು ಹಾಲ್‌ನ ಟ್ಯೂಬ್‌ಲೈಟ್ ಕೆಳಗೆ ಹಾಕಲಿಲ್ಲ, ಕಿಟಕಿ ಪಕ್ಕದ ಗೋಡೆಗೆ ಹಾಕಿದೆವು. ನೀವೂ ಮುಂದಿನ ಸಲ ಪ್ರಿಂಟ್ ಗುಲಾಬಿ ಬಂದರೆ ಸ್ಲೈಡರ್ ಮುಟ್ಟುವ ಮೊದಲು ಒಂದು ಬೂದು ಚೌಕ ಪ್ರಿಂಟ್ ತೆಗೆದು, ಬಿಸಿಲಿಗೆ ಒಯ್ದು ನೋಡ್ರಿ.