ಊರು ಬಿಟ್ಟ ಮಗಳೂ ವಿಮೆಯ ಕಾಗದವೂ

ನಮ್ಮ ಹಲಬರ್ಗಾದಂತಹ ಊರಿನಿಂದ ಹೆಣ್ಣುಮಗಳೊಬ್ಬಳು ಎಂಜಿನಿಯರಿಂಗ್ ವ್ಯಾಸಂಗಕ್ಕೆಂದು ಬೆಂಗಳೂರಿಗೆ ಹೊರಟು ನಿಂತಾಗ, ಹಾಸ್ಟೆಲ್ಲಿನ ಊಟ, ರೈಲಿನ ರಿಜರ್ವೇಶನ್, ಶುಲ್ಕದ ಕಂತು ಇವುಗಳ ಚಿಂತೆಯಲ್ಲಿ ಮನೆಮಂದಿಯೆಲ್ಲರೂ ಮುಳುಗುವರೇ ಹೊರತು, ಆಕೆ ಅಸ್ವಸ್ಥಳಾದರೆ ಯಾವ ಆಸ್ಪತ್ರೆ, ಯಾರ ಹಣ ಎಂಬ ಪ್ರಶ್ನೆಯನ್ನು ಅಪಶಕುನವೆಂದೇ ಭಾವಿಸಿ ಬದಿಗಿರಿಸುವರು. ನನ್ನ ಮಗಳು ಹೊರಟಾಗ ನನ್ನ ತಾಯಿಯಂತೂ ಆ ಮಾತನ್ನು ಎತ್ತಗೊಡಲಿಲ್ಲ.

ಹಾಗೆಂದು ನಮ್ಮ ಸೀಮೆಯವರು ವಿಮೆಗೆ ಅಪರಿಚಿತರೇನಲ್ಲ. 2003ರಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ ಆರಂಭಗೊಂಡು, 2018ರಲ್ಲಿ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಲೀನವಾಗಿ, ಕೆಲವು ವರ್ಷಗಳ ತರುವಾಯ ಪುನರುಜ್ಜೀವನ ಪಡೆದ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡು ಸೊಸೈಟಿಯ ಸದಸ್ಯರ ಮನೆಗಳಲ್ಲಿದೆ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ನೀಡುವ ಆಯುಷ್ಮಾನ್ ಕಾರ್ಡೂ ಇದೆ. ಆದರೆ ಯಶಸ್ವಿನಿಯ ಪ್ರಯೋಜನ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ, ಗೊತ್ತುಪಡಿಸಿದ ಚಿಕಿತ್ಸೆಗಳಿಗೆ ಮಾತ್ರ. ಆಯುಷ್ಮಾನ್ ಕಾರ್ಡಿನವರು ತುರ್ತು ಸಂದರ್ಭವನ್ನುಳಿದು ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿಫಾರಸು ಚೀಟಿ ಪಡೆಯಬೇಕು. ಪರಸ್ಥಳದಲ್ಲಿರುವ ವಿದ್ಯಾರ್ಥಿನಿ ರಾತ್ರಿಯ ವೇಳೆ ಇದನ್ನೆಲ್ಲ ವಿಚಾರಿಸಲಾರಳೆಂದು ನಾನು ಕಂಪನಿಯೊಂದರ ಪಾಲಿಸಿಯನ್ನೂ ಮಾಡಿಸಿ, ಅದರ ಸಣ್ಣಕ್ಷರದ ಪುಟಗಳನ್ನು ಒಂದು ಮಧ್ಯಾಹ್ನ ಕುಳಿತು ಓದಿಕೊಂಡಿದ್ದೆ.

ಆ ಓದು ಮಗಳಿಗೆ ಡೆಂಗೀ ಜ್ವರ ಬಂದು ಆಸ್ಪತ್ರೆ ಸೇರಿದ ರಾತ್ರಿ ಫಲಿಸಿತು. "ಯಾವ ರೂಮ್ ಬೇಕಂತ ಕೇಳ್ಲತ್ತಾರಪ್ಪಾ, ಏನ್ ಹೇಳ್ಲಿ?" ಎಂದು ಮಗಳು ಫೋನಿನಲ್ಲಿ ಕ್ಷೀಣಸ್ವರದಿಂದ ಕೇಳಿದಾಗ, "ಎರಡು ಮಂಚದ್ದೇ ಸಾಕವ್ವಾ" ಎಂದೆ. ಇದು ಜಿಪುಣತನದ ಮಾತಲ್ಲ. ಅನೇಕ ಪಾಲಿಸಿಗಳಲ್ಲಿ ಕೋಣೆಯ ಬಾಡಿಗೆಗೆ ಮಿತಿಯುಂಟು. ಮಿತಿ ದಿನಕ್ಕೆ 3,000 ರೂಪಾಯಿಯಿದ್ದು 6,000 ರೂಪಾಯಿಯ ಕೋಣೆ ಹಿಡಿದರೆ, ಕಂಪನಿಯು ಬಾಡಿಗೆಯ ಅರ್ಧವನ್ನಷ್ಟೇ ಅಲ್ಲದೆ ಕೋಣೆಯ ದರ್ಜೆಯೊಡನೆ ಏರುವ ವೈದ್ಯರ ಭೇಟಿ, ಶುಶ್ರೂಷೆ ಮೊದಲಾದವುಗಳ ಅರ್ಧವನ್ನೂ ಕಡಿದುಹಾಕಬಹುದು. ಔಷಧ, ರಕ್ತಪರೀಕ್ಷೆಗಳಿಗೆ ಈ ಕಡಿತ ಸಲ್ಲದು. ಭಾಲ್ಕಿಯ ಪರಿಚಿತರೊಬ್ಬರು ಮಗನಿಗೆ ವಿಶ್ರಾಂತಿಯಿರಲೆಂದು ಒಂಟಿ ಕೋಣೆ ಕೊಡಿಸಿ, ಬಿಡುಗಡೆಯ ದಿನ ಬಿಲ್ಲಿನ ಮುಂದೆ ದಿಗ್ಭ್ರಾಂತರಾಗಿ ನಿಂತುದನ್ನು ನಾನು ಬಲ್ಲೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಆ ವರ್ಷವೇ ತಿಳಿಯಿತು. ಕುಟುಂಬಕ್ಕೆಲ್ಲ ಒಂದೇ ಮೊತ್ತದ ಫ್ಲೋಟರ್ ಪಾಲಿಸಿಯಲ್ಲಿ ಮನೆಯಾಕೆಯ ಶಸ್ತ್ರಚಿಕಿತ್ಸೆಗೇ ಬಹುಪಾಲು ವ್ಯಯವಾಗಲು, ದೂರದಲ್ಲಿದ್ದ ಮಗಳಿಗೆ ಉಳಿದುದು ಹೆಸರಿಗಷ್ಟೆ. ಮುಂದೆ ಅವಳ ಹೆಸರಿನಲ್ಲಿ ಪ್ರತ್ಯೇಕ ಪಾಲಿಸಿ ಮಾಡಿಸಿದೆ. ಹೊಸ ಪಾಲಿಸಿಯಲ್ಲಿ ಸಾಮಾನ್ಯವಾಗಿ ಅಪಘಾತವನ್ನುಳಿದು ಮೊದಲ 30 ದಿನ ರೋಗಗಳಿಗೆ ರಕ್ಷಣೆಯಿರದ ಕಾರಣ, ಇದನ್ನು ಪೆಟ್ಟಿಗೆ ಕಟ್ಟುವ ಮೊದಲೇ ಮಾಡಿಸುವುದು ಯುಕ್ತ. ಹಾಸ್ಟೆಲ್ಲಿಗೆ ಸಮೀಪದ ನಗದುರಹಿತ ಆಸ್ಪತ್ರೆ ಯಾವುದೆಂಬುದನ್ನು ಅವಳ ಕೋಣೆಯ ಗೆಳತಿಗೂ ತಿಳಿಸಿಡಬೇಕು. ಜ್ವರ ಬಂದವಳೇ ಫೋನು ಹುಡುಕುವಂತಾಗಬಾರದು.

ಹದಿನೆಂಟು ತುಂಬಿದವರಿಗೆ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ದೊರೆಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಮರಣಕ್ಕೆ 2 ಲಕ್ಷ ಕೊಡುತ್ತದೆ, ಆಸ್ಪತ್ರೆಯ ಖರ್ಚನ್ನಲ್ಲ. ಅದರ ವರ್ಷ ಜೂನ್ 1ಕ್ಕೆ ತೊಡಗುವುದು, ಕಂತು ಅದಕ್ಕೆ ಮೊದಲು ಖಾತೆಯಿಂದ ಕಡಿತವಾಗುವುದು. ರಜೆಯ ಮೇ ತಿಂಗಳಲ್ಲಿ ವಿದ್ಯಾರ್ಥಿಗಳ ಖಾತೆ ಪ್ರಾಯಶಃ ಬರಿದಾಗಿರುವುದರಿಂದ, ಆ 20 ರೂಪಾಯಿ ಅದರಲ್ಲಿದೆಯೇ ಎಂದು ಮಗಳನ್ನು ಪ್ರತಿವರ್ಷ ಕೇಳುತ್ತೇನೆ. ಅವಳು ನಗುತ್ತಾಳೆ, ಆದರೂ ನೋಡಿ ಹೇಳುತ್ತಾಳೆ.